ಹಗರಿ ದಂಡೆ ಮರಳು ಹೊಲ: ಡ್ರಿಪ್, ಕೆರೆ ಗೋಡು, ಜೆಲ್, ಇದ್ರಲ್ಲಿ ದುಡ್ಡು ಯಾವುದಕ್ಕೆ ಹಾಕ್ಬೇಕು?

ಹಗರಿದಂಡೆ, ಬೊಮ್ಮನಹಾಳ್

ಎಲ್ರಿಗೂ ನಮಸ್ಕಾರ. ನಮ್ದು ಅನಂತಪುರ ಜಿಲ್ಲೆ ಬೊಮ್ಮನಹಾಳ್ ಮಂಡಲ, ದರ್ಗಾ ಹೊನ್ನೂರಿನ ಕಡೆ. ಈ ಕಡೆ ಓಡಾಡಿರೋರಿಗೆ ಗೊತ್ತಿರ್ತೈತೆ, ಹಗರಿ ದಂಡೇಲಿ ಥೇಟ್ ರಾಜಸ್ಥಾನದ ತರ ಮರಳು ದಿಬ್ಬ ಇದಾವೆ. ಹೊಳೆ ನಮಗೆ ಪಡುವಲಕ್ಕೆ, ಅಲ್ಲಿ ನೀರು ನಿಂತು ಮರಳು ಒಣಗಿದ ಮೇಲೆ ಆಷಾಢದ ಗಾಳಿಗೆ ಎಲ್ಲಾ ಎದ್ದು ಬಂದು ಹೊಲದ ಮೇಲೆ ಕೂತ್ಕೊಳ್ತೈತೆ, ಬದು ಕಾಣಲ್ಲ ಬೇಲಿ ಕಾಣಲ್ಲ. ನಮ್ಮ ತಾತ ಅಲ್ಲಿ ಜೋಳ ನವಣೆ ಬೆಳೀತಿದ್ರಂತೆ. ಅಪ್ಪನ ಕಾಲಕ್ಕೆ ಮೂರು ಎಕ್ರೆ ಪೂರ್ತಿ ಬೀಳು ಬಿತ್ತು. ಆ ಕಡೆ ಎಚ್ಚೆಲ್ಸಿ (ತುಂಗಭದ್ರಾ ಮೇಲ್ಮಟ್ಟದ) ಕಾಲುವೆ ಕೆಳಗೆ ಭತ್ತ ನಾಟಿ ಮಾಡ್ತಾರೆ, ನಮ್ಮ ತುಂಡಿಗೆ ಆ ನೀರು ಹತ್ತಲ್ಲ.

ಹೋದ ವರ್ಷ ಜೇಸಿಬಿ ಇಡಿಸಿ ದಿಬ್ಬ ಚದುರಿಸಿ ಮಟ್ಟ ಮಾಡಿಸ್ದೆ. ಬೋರಲ್ಲಿ ಒಂದೂವರೆ ಇಂಚು ನೀರೈತೆ. ಶೇಂಗಾ ಬಿತ್ತಿದೆ. ನೀರು ಕಟ್ಟಿದ್ರೆ ಸಾಲಿನ ತುದಿಗೇ ಮುಟ್ಟಲ್ಲ, ಹತ್ತು ಹದಿನೈದು ಅಡಿ ಹೋಗೋದ್ರೊಳಗೆ ಇಂಗಿಬಿಡ್ತೈತೆ, ಮೂರನೇ ದಿನಕ್ಕೆ ಗಿಡ ಬಾಡಿ ನಿಲ್ತಾವೆ. ಯೂರಿಯಾ ಹಾಕಿದ್ರೆ ನಾಲ್ಕು ದಿನ ಹಸಿರು, ಆಮೇಲೆ ಮತ್ತೆ ಹಳದಿ. ಜುಲೈಲಿ ಗಾಳಿಗೆ ಮರಳು ಹೊಡೆದು ಎಲೆ ಎಲ್ಲಾ ಹರಿದೋದ್ವು. ಕೊನೆಗೆ ಬಿತ್ತಿದ ಬೀಜದಷ್ಟೂ ಕಾಯಿ ಬರ್ಲಿಲ್ಲ.

ಇಸ್ರೇಲ್ ಈಜಿಪ್ಟ್ ಕಡೆ ಮರುಭೂಮೀಲೇ ತೋಟ ಮಾಡಿರೋ ವಿಡಿಯೋ ತುಂಬಾ ನೋಡಿದೀನಿ. ಅಪ್ಪ ಹೇಳೋದು ಕೆರೆ ಗೋಡು (ಕೆರೆ ತಳದ ಹೂಳು ಮಣ್ಣು) ಹೊಡೀರಿ ಅಂತ. ಅಂಗಡಿಯವ್ರೊಬ್ರು ನೀರು ಹಿಡಿಯೋ ಜೆಲ್ ಪುಡಿ ಹಾಕಿ, ಒಂದೇ ಸಲ ಹಾಕಿದ್ರೆ ಐದು ವರ್ಷ ನೋಡೋದೇ ಬೇಡ ಅಂತ ಹೇಳಿ ಮೂರು ಎಕ್ರೆಗೆ ದೊಡ್ಡ ಬಿಲ್ಲೇ ಬರೆದು ಕೊಟ್ಟವ್ರೆ. ನನ್ನ ಹತ್ರ ಇರೋದು ಒಂದು ಸಲ ಖರ್ಚು ಮಾಡೋವಷ್ಟು ದುಡ್ಡು, ಅದು ಹೋದ್ರೆ ಮತ್ತೆ ಬೆಂಗ್ಳೂರಿಗೆ ಕೆಲಸಕ್ಕೆ ಹೋಗ್ಬೇಕು. ಯಾವುದು ಮೊದಲು ಮಾಡ್ಲಿ, ಯಾವುದು ಬಿಡ್ಲಿ? ಬೋರ್ ನೀರು ಕೆವಿಕೇಲಿ (ಕೃಷಿ ವಿಜ್ಞಾನ ಕೇಂದ್ರ) ಟೆಸ್ಟ್ ಮಾಡ್ಸಿದೀನಿ, ಪಿಎಚ್ 8.3, ಇಸಿ 1.6, ಆರೆಸ್ಸಿ 4.2 ಅಂತ ಬಂದೈತೆ, ಇದ್ರ ಅರ್ಥ ನಂಗೆ ಆಗಿಲ್ಲ.

ಮಣ್ಣುವಾಸನೆ, ರಾಯದುರ್ಗ

ತಮ್ಮಾ, ದುಡ್ಡು ಕೈಲಿ ಇದ್ದಂಗೇ ಇರ್ಲಿ, ಮೊದಲು ಗುದ್ದಲಿ ತಗೊಂಡು ನಾಲ್ಕು ಕಡೆ ಗುಂಡಿ ತೋಡು. ನಾನು ಇಪ್ಪತ್ತು ವರ್ಷದ ಮೇಲೆ ಹಳ್ಳಿ ಹಳ್ಳಿ ತಿರುಗಿ ಮಣ್ಣಿನ ಸ್ಯಾಂಪಲ್ ತೆಗೆದವನು, ಹಗರಿ ದಂಡೆ ಹೊಲಗಳಲ್ಲಿ ನಾನು ನೋಡಿರೋದು ಏನಂದ್ರೆ ಮರಳು ಗಾಳಿಗೆ ಬಂದು ಹೊದ್ದುಕೊಂಡಿರೋದು, ಅದ್ರ ಕೆಳಗೆ ನಿಮ್ಮ ತಾತ ಉತ್ತ ಮಣ್ಣು ಹಂಗೇ ಇರ್ತೈತೆ. ಅದು ಒಂದೂವರೆ ಎರಡು ಅಡಿಗೆ ಸಿಕ್ರೆ ನಿನ್ನ ಲೆಕ್ಕಾನೇ ಬೇರೆ, ಐದಡಿ ತೋಡಿದ್ರೂ ಮರಳೇ ಬಂದ್ರೆ ಬೇರೆ. ಇದು ಗೊತ್ತಿಲ್ದೆ ಗೋಡು ಹಾಕು ಜೆಲ್ ಹಾಕು ಅನ್ನೋದು ಕಣ್ಣು ಮುಚ್ಚಿ ಔಷಧಿ ಕೊಟ್ಟಂಗೆ.

ನೀರು ಯಾಕೆ ನಿಲ್ಲಲ್ಲ ಅನ್ನೋದು ಸರಿಯಾಗಿ ತಿಳ್ಕೋ, ಆಮೇಲೆ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗ್ತೈತೆ. ಮರಳು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ಸಿಗೋ ಅಂಥ ನೀರು ಹಿಡಿಯೋದು ಅಂದಾಜು 60 ಮಿ.ಮೀ, ಒಳ್ಳೇ ಗೋಡು ಮಣ್ಣು 150ರ ಮೇಲೆ ಹಿಡೀತೈತೆ. ಶೇಂಗಾ ಬೇರು ಜಾಸ್ತಿ ಇರೋದು ಒಂದು ಅಡಿಯಲ್ಲಿ, ಅಂದ್ರೆ ನಿನ್ನ ಮರಳಲ್ಲಿ ಆ ಒಂದು ಅಡಿಗೆ 18 ಮಿ.ಮೀ ನೀರು ಅಷ್ಟೇ. ಅದ್ರಲ್ಲಿ ಅರ್ಧ ಖಾಲಿ ಆಗೋದ್ರೊಳಗೆ ಮತ್ತೆ ಕೊಡಬೇಕು, ಅಂದ್ರೆ 9 ಮಿ.ಮೀ. ಬೇಸಿಗೇಲಿ ನಮ್ಮ ಕಡೆ ದಿನಕ್ಕೆ 6ರಿಂದ 8 ಮಿ.ಮೀ ಆವಿ ಆಗಿ ಹೋಗ್ತೈತೆ. ಹಂಗಾದ್ರೆ ಒಂದು ದಿನಕ್ಕೆ ಖಾಲಿ! ನೀನು ವಾರಕ್ಕೊಂದು ಸಲ 50 ಮಿ.ಮೀ ಕಟ್ಟಿದ್ರೂ ಹಿಡಿಯೋದು 18, ಉಳಿದಿದ್ದು ಯೂರಿಯಾನೂ ಕರ್ಕೊಂಡು ಕೆಳಗೆ ಹೋಗ್ತೈತೆ. ನಾಲ್ಕು ದಿನ ಹಸಿರು ಆಮೇಲೆ ಹಳದಿ ಅಂದ್ಯಲ್ಲ, ಅದು ಇದೇನೇ.

ಅದಕ್ಕೇ ಮರಳಿಗೆ ಡ್ರಿಪ್ ಬೇಕೇ ಬೇಕು, ಆದ್ರೆ ಕಪ್ಪು ಮಣ್ಣಿಗೆ ಹಾಕಿದಂಗೆ ಹಾಕಿದ್ರೆ ಉಪಯೋಗ ಇಲ್ಲ. ಕಪ್ಪು ಮಣ್ಣಲ್ಲಿ ಒಂದು ಹನಿ ಬಿದ್ರೆ ಅಗಲಕ್ಕೆ ಹರಡ್ತೈತೆ, ಮರಳಲ್ಲಿ ಕ್ಯಾರೆಟ್ ಆಕಾರದಲ್ಲಿ ನೇರ ಕೆಳಗಿಳಿತೈತೆ. 60 ಸೆಂ.ಮೀ.ಗೆ ಒಂದು ಡ್ರಿಪ್ಪರ್ ಇರೋ ಪೈಪ್ ತಂದ್ರೆ ನಡುವೆ ಒಣ ಪಟ್ಟಿ ಉಳೀತೈತೆ. 30 ಸೆಂ.ಮೀ.ದೇ ತಗೋ, ತಾಸಿಗೆ 4 ಲೀಟರ್ ಬಿಡೋದು. ಒಂದೂವರೆ ತಾಸು ಒಂದೇ ಸಲ ಬಿಡೋ ಬದ್ಲು ಬೆಳಿಗ್ಗೆ ಅರ್ಧ ತಾಸು, ಹನ್ನೊಂದಕ್ಕೆ ಅರ್ಧ ತಾಸು, ಮೂರು ಗಂಟೆಗೆ ಅರ್ಧ ತಾಸು. ಗೊಬ್ಬರಾನೂ ಹಂಗೇ, ವೆಂಚುರಿ (ಪೈಪಿಗೆ ಗೊಬ್ಬರದ ನೀರು ಎಳ್ಕೊಳ್ಳೋ ಸಾಧನ) ಇಟ್ಟು ವಾರಕ್ಕೆ ಎರಡು ಸಲ ಚೂರು ಚೂರು. ಇಸ್ರೇಲಿನವ್ರು ನೆಗೆವ್ ಮರುಭೂಮೀಲಿ ಹತ್ಸೆರಿಮ್ ಅನ್ನೋ ಕಿಬ್ಬುತ್ಸಲ್ಲಿ (ಎಲ್ರೂ ಸೇರಿ ದುಡಿಯೋ ಊರು) 1965ರಲ್ಲಿ ಡ್ರಿಪ್ ಕಂಪ್ನಿ ಶುರು ಮಾಡಿ ತೋರಿಸಿದ್ದೂ ಇದನ್ನೇ, ಮಣ್ಣಿಗೆ ನೀರು ಹಿಡಿಯೋ ತಾಕತ್ತಿಲ್ಲ ಅಂದ್ರೆ ಗಿಡ ಕುಡಿಯೋ ಹೊತ್ತಿಗೆ ಕುಡಿಯೋವಷ್ಟು ಕೊಡು ಅಂತ.

ಎಕ್ರೆಗೆ ದಿನಕ್ಕೆ 6 ಮಿ.ಮೀ ಅಂದ್ರೆ 24 ಸಾವಿರ ಲೀಟರ್. ನಿನ್ನ ಒಂದೂವರೆ ಇಂಚು ಬೋರ್ ಒಂದು ತಾಸಿಗೆ ಎಷ್ಟು ಕೊಡ್ತೈತೆ ಅಂತ ಡ್ರಮ್ ಇಟ್ಟು ಅಳೆದು ನೋಡು, ಕರೆಂಟ್ ಇರೋ ತಾಸಿಗೆ ಗುಣಿಸು. ಮೂರು ಎಕ್ರೆಗೆ ಆಗ್ತೈತಾ ಒಂದು ಎಕ್ರೆಗೆ ಆಗ್ತೈತಾ ಅನ್ನೋದು ಅಲ್ಲೇ ಗೊತ್ತಾಗ್ತೈತೆ. ಗುಂಡಿ ತೋಡಿ ಇಲ್ಲೇ ಬರಿ, ಮಿಕ್ಕಿದ್ದು ಆಮೇಲೆ ಮಾತಾಡಣ.

ಕುಂಬಳೆಯವ

ನಾನು ಕಾಸರಗೋಡಿನವ, ಕುಂಬಳೆ ಹತ್ರ. ಯುಎಇಯ ಅಲ್ ಐನ್‌ನಲ್ಲಿ ಹನ್ನೊಂದು ವರ್ಷ ಒಂದು ಖರ್ಜೂರದ ತೋಟದಲ್ಲಿ ಕೆಲ್ಸ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ, ಹಾಗಾಗಿ ಮರಳಿನ ವಿಷಯ ಕಂಡ ಕೂಡ್ಲೇ ಬರೀಬೇಕು ಅನ್ನಿಸ್ತು.

ವಿಡಿಯೋದಲ್ಲಿ ಹಸಿರು ಮಾತ್ರ ಕಾಣುದು ಮಾರಾಯ್ರೇ, ಅಡಿಯಲ್ಲಿ ಏನು ಹಾಕಿದ್ದಾರೆ ಅಂತ ಕಾಣುದಿಲ್ಲ. ಅಲ್ಲಿ ನಾವು ಗಿಡ ನೆಡುವ ಮೊದ್ಲು ದೊಡ್ಡ ಗುಂಡಿ ತೆಗ್ದು ಇದ್ದ ಮರಳನ್ನು ಹೊರಗೆ ಹಾಕಿ, ಹೊರಗಿಂದ ಲಾರಿಯಲ್ಲಿ ತಂದ ಉಪ್ಪಿಲ್ಲದ ಮಣ್ಣು ತುಂಬಿಸ್ತಿದ್ದೆವು. ಅದಕ್ಕೆ ಅಲ್ಲಿ ಸ್ವೀಟ್ ಸಾಯಿಲ್ ಅಂತ ಹೇಳುದು. ಅದಕ್ಕೆ ಕಾಂಪೋಸ್ಟ್ ಸೇರಿಸಿ ಮತ್ತೆ ಗಿಡ. ಬುಡದಲ್ಲಿ ಬಟ್ಟಲಿನ ಹಾಗೆ ಪಾತಿ, ಅದಕ್ಕೆ ಬಬ್ಲರ್ ನೀರು. ಇಡೀ ಮರುಭೂಮಿಯನ್ನು ಯಾರೂ ಮಣ್ಣು ಮಾಡಿದ್ದಲ್ಲ, ಬೇರು ಇರುವ ಜಾಗ ಮಾತ್ರ ಮಾಡಿದ್ದು. ನೀವು ಮೂರು ಎಕ್ರೆಗೂ ಗೋಡು ಹಾಕ್ಲಿಕ್ಕೆ ಹೊರಟ್ರೆ ದುಡ್ಡು ಮುಗೀತದೆ ಹೊರತು ಹೊಲ ಮುಗಿಯುದಿಲ್ಲ. ಸಾಲಿಗೆ ಮಾತ್ರ ಹಾಕಿ.

ಇನ್ನೊಂದು ಸಂಗತಿ ನಮ್ಮ ಊರಿಂದೇ ಹೇಳ್ತೇನೆ. ಇಲ್ಲಿ ಸಮುದ್ರದ ಬದಿ ಎಲ್ಲ ಹೊಯ್ಗೆ ಮಣ್ಣು, ಅದ್ರಲ್ಲಿಯೂ ತೆಂಗು ನಿಲ್ತದೆ. ಹೇಗೆ ಅಂದ್ರೆ ಹಿಂದಿಂದ ತೆಂಗಿನ ಸಿಪ್ಪೆ ಹೂಳುವ ಕ್ರಮ ಉಂಟು. ಬುಡದಿಂದ ಸ್ವಲ್ಪ ದೂರದಲ್ಲಿ ಕಣಿ ತೆಗ್ದು ಸಿಪ್ಪೆಯ ಒಳಮೈ ಮೇಲೆ ಬರುವ ಹಾಗೆ, ಬಟ್ಟಲು ಇಟ್ಟ ಹಾಗೆ, ಪದರ ಪದರ ಜೋಡಿಸಿ ಮೇಲೆ ಮಣ್ಣು ಮುಚ್ಚುದು. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತ್ಕೊಳ್ತದೆ, ಬೇಸಿಗೆಯಲ್ಲಿ ಬೇರಿಗೆ ಕೊಡ್ತದೆ. ಸುಮಾರು ಐದಾರು ವರ್ಷ ಬರ್ತದೆ. ಇಲ್ಲಿ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅವ್ರೂ ಇದನ್ನೇ ಹೇಳುದು. ನಿಮ್ಮಲ್ಲಿ ಸಿಪ್ಪೆ ಸಿಗ್ಲಿಕ್ಕಿಲ್ಲ, ಆದ್ರೆ ನಾರಿನ ಪುಡಿ ಲಾರಿಯಲ್ಲಿ ಬರ್ತದಲ್ಲ, ತನ್ನ ತೂಕದ ಐದಾರು ಪಾಲು ನೀರು ಹಿಡೀತದೆ ಅದು. ಆದ್ರೆ ಹಸಿಯಾಗಿ ಹಾಕ್ಬೇಡಿ, ಅದ್ರಲ್ಲಿ ಉಪ್ಪು ಇರ್ತದೆ, ಮತ್ತೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಅದೇ ತಿಂದು ಗಿಡ ಹಳದಿ ಆಗ್ತದೆ. ತೊಳ್ದು, ಸೆಗಣಿ ಸೇರಿಸಿ ಮೂರ್ನಾಲ್ಕು ತಿಂಗಳು ಕೊಳೆಸಿ ಹಾಕಿ.

ಜೆಲ್ಲಿನ ಬಗ್ಗೆ: ಅದು ಸುಳ್ಳಲ್ಲ. ನಮ್ಮ ದೇಶದ್ದೇ ಪೂಸಾ ಹೈಡ್ರೋಜೆಲ್ ಉಂಟು, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ಐಎಆರ್‌ಐ ಮಾಡಿದ್ದು, ಎಕ್ರೆಗೆ ಒಂದರಿಂದ ಎರಡು ಕಿಲೋ ಹಾಕುದು ಅಷ್ಟೇ, ಅದೂ ಬೀಜದ ಸಾಲಿಗೆ. ಚೀಲಗಟ್ಟಲೆ ಹಾಕಿ ಅಂತ ಹೇಳುವವ್ರನ್ನು ನಂಬ್ಬೇಡಿ. ಮತ್ತೆ ನೀರಿನಲ್ಲಿ ಉಪ್ಪು ಇದ್ರೆ ಜೆಲ್ ಪೂರ್ತಿ ಉಬ್ಬುದೇ ಇಲ್ಲ, ನಾನು ಅಲ್ಲಿ ಕಣ್ಣಾರೆ ಕಂಡದ್ದು. ಮಳೆ ನೀರಿನಲ್ಲಿ ಒಂದು ಚಮಚ, ನಿಮ್ಮ ಬೋರ್ ನೀರಿನಲ್ಲಿ ಒಂದು ಚಮಚ, ಎರಡು ಗ್ಲಾಸಿನಲ್ಲಿ ಹಾಕಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿ, ನಿಮ್ಗೇ ತಿಳೀತದೆ.

ಜತ್ತದ ಹೊಲ

ನಮಸ್ಕಾರ್ರೀ. ನಾವು ಸಾಂಗ್ಲಿ ಜಿಲ್ಲಾ ಜತ್ತ ತಾಲೂಕಿನವ್ರು, ನಮ್ಮ ಬೀಗರು ಕೃಷ್ಣಾ ದಂಡೀಗೆ ಮಿರಜ್ ಕಡೆ ಅದಾರ. ನಿಮ್ದು ಉಸುಕು, ಅವರ್ದು ಕರೀ ಎರಿ, ಆದ್ರ ಹೇಳೂದು ಒಂದ್ ಮಾತ ಐತಿ ಅಂತ ಬರ್ಯಾಕತ್ತೀನಿ. ಎಲ್ರೂ ನೀರ್ ಹೆಂಗ್ ಹಿಡೀಬೇಕು ಅಂತ ಹೇಳಾಕತ್ತಾರ, ನೀರಿನ ಜೋಡಿ ಬರೂ ಉಪ್ಪಿನ ಲೆಕ್ಕಾ ಯಾರೂ ಹೇಳವಲ್ರು.

ನಿಮ್ಮ ನೀರಿಂದು ಇಸಿ 1.6 ಅಂದ್ರಿ. ಅಂದ್ರ ಸಾವಿರ ಲೀಟರ್ ನೀರಿನಾಗ ಸುಮಾರು ಒಂದ್ ಕಿಲೋ ಉಪ್ಪು. ಒಂದ್ ಬೆಳಿಗೆ ಎಕರೇಕ 400 ಮಿ.ಮೀ ಕೊಟ್ರ 16 ಲಕ್ಷ ಲೀಟರ್, ಅಂದ್ರ 16 ಕ್ವಿಂಟಲ್ ಉಪ್ಪು ನೀವ ನಿಮ್ಮ ಕೈಲೆ ಹೊಲಕ್ಕ ಹಾಕಿದಂಗ! ನೀರ್ ಆವಿ ಆಗಿ ಹೋಗ್ತೈತಿ, ಉಪ್ಪು ಹೋಗೂದಿಲ್ಲ. ಕೃಷ್ಣಾ ದಂಡೀಗೆ ಕಬ್ಬಿಗೆ ನೀರ್ ಹಾಕಿ ಹಾಕಿ ಬಂಗಾರದಂಥಾ ಭೂಮಿ ಸವಳ ಆಗಿ ಕುಂತೈತ್ರೀ, ಬೆಳ್ಳಗ ಉಪ್ಪು ಮ್ಯಾಲ ಕಾಣ್ತೈತಿ, ಜಾಲಿ ಬಿಟ್ರ ಮತ್ತೇನೂ ಹುಟ್ಟೂದಿಲ್ಲ. ನಮ್ಮ ಬೀಗರು ನಾಲ್ಕ ಎಕರೆ ಹಂಗ ಕಳಕೊಂಡ್ರು. ಅದನ್ನ ನೆನಿಸ್ಕೊಂಡ್ರ ಇವತ್ತಿಗೂ ಹೊಟ್ಟಿ ಉರೀತೈತಿ.

ಉಸುಕಿನ ಒಂದ್ ಪುಣ್ಯಾ ಏನಂದ್ರ ಉಪ್ಪು ತೊಳ್ಯಾಕ ಸರಳ. ಡ್ರಿಪ್ಪಿನ್ಯಾಗ ಬೇಕಾದ್ದಕ್ಕಿಂತ ನೂರಕ್ಕ ಹತ್ತು ಹನ್ನೆರಡು ಪಾಲು ಜಾಸ್ತಿ ಬಿಟ್ರ ಶೇಂಗಾಕ್ಕ ಸಾಕು, ಉಪ್ಪು ಬೇರಿನ ಕೆಳಗ ಇಳೀತೈತಿ. ಮೊದಲ್ನೇ ಮಳಿ ಬಂದಾಗ ಡ್ರಿಪ್ ಬಂದ್ ಮಾಡಬ್ಯಾಡ್ರಿ, ಚಾಲೂ ಇಡ್ರಿ, ಇಲ್ಲಾಂದ್ರ ಸಾಲಿನ ಅಂಚಿನ್ಯಾಗ ಕುಂತ ಉಪ್ಪು ಮಳಿ ನೀರಿನ ಜೋಡಿ ಬೇರಿಗೆ ಬರ್ತೈತಿ.

ಆದ್ರ ಅಣ್ಣಾರು ಹೇಳಿದಂಗ ಉಸುಕಿನ ಕೆಳಗ ಎರಿ ಇತ್ತಂದ್ರ ಮಾತ್ರ ಹುಷಾರು. ಮ್ಯಾಲಿಂದ ಇಳಿದ ನೀರು ಅಲ್ಲಿ ನಿಂತು ಜವಳ ಆಗ್ತೈತಿ. ರಾಜಸ್ಥಾನದಾಗ ಇಂದಿರಾ ಗಾಂಧಿ ಕಾಲುವಿ 1958ಕ್ಕ ಕಟ್ಟಾಕ ಚಾಲೂ ಮಾಡಿ ಮರುಭೂಮಿಗೆ ನೀರ್ ಕೊಟ್ರಲ್ಲ, ಅಲ್ಲೂ ಕೆಲವು ಕಡೆ ಉಸುಕಿನ ಕೆಳಗ ಜಿಪ್ಸಂ ಪದರು ಗಟ್ಟಿ ಇತ್ತು, ನೀರ್ ಕೆಳಗ ಹೋಗ್ಲಿಲ್ಲ, ಮ್ಯಾಲ ಬಂತು. ಅಲ್ಲಿ ಮಂದಿ ಅದಕ್ಕ ಸೇಮ್ ಅಂತಾರ. ಮರುಭೂಮ್ಯಾಗ ನೀರ್ ನಿಂತು ಹೊಲ ಕೆಡೂದು ಅಂದ್ರ ನಂಬಾಕ ಆಗೂದಿಲ್ಲ, ಆದ್ರ ಆಗೈತಿ. ಹೊಲದಾಗ ಒಂದ್ ಮೂಲ್ಯಾಗ ಆರ್ ಫೂಟ್ ಪಿವಿಸಿ ಪೈಪಿಗೆ ತೂತ್ ಹಾಕಿ ಹುಗದ ಇಡ್ರಿ, ತಿಂಗಳಿಗೊಮ್ಮೆ ಕಡ್ಡಿ ಇಳಿಸಿ ನೋಡ್ರಿ, ಒಳಗ ನೀರ್ ಮ್ಯಾಲ ಬರಾಕತ್ತೈತೇನು ಅಂತ ಗೊತ್ತಾಗ್ತೈತಿ.

ಹಗರಿದಂಡೆ, ಬೊಮ್ಮನಹಾಳ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ನಾನು ಅಪ್ಪ ಇಬ್ರೂ ಸೇರಿ ಗುಂಡಿ ತೋಡಿದ್ವಿ. ಹೊಳೆ ಕಡೆ ಎರಡು ಗುಂಡೀಲಿ ಐದಡಿ ಹೋದ್ರೂ ಬರೀ ಮರಳು, ಕುಸೀತಾ ಬಂತು, ನಿಲ್ಲಿಸಿದ್ವಿ. ಮೂಡಲ ಕಡೆ ಎರಡು ಗುಂಡೀಲಿ ಒಂದೂಮುಕ್ಕಾಲು ಅಡಿಗೇ ಕಪ್ಪು ಮಣ್ಣು ಸಿಕ್ತು. ಅಪ್ಪ ಒಂದು ಹಿಡಿ ತಗೊಂಡು ಉಂಡೆ ಕಟ್ಟಿ ನೋಡಿ ಇದು ನಮ್ಮಪ್ಪ ಉಳ್ತಿದ್ದ ಮಣ್ಣು ಅಂತ ಹೇಳಿ ಸುಮಾರು ಹೊತ್ತು ಅಲ್ಲೇ ಕೂತಿದ್ರು. ಅದ್ರೊಳಗೆ ಹಳೇ ಜೋಳದ ಕೂಳೆ ಬೇರಿನ ತರ ಏನೋ ಸಿಕ್ತು, ಅದು ಜೋಳದ್ದೇ ಹೌದೋ ಅಲ್ವೋ ನಂಗೆ ಗೊತ್ತಾಗ್ಲಿಲ್ಲ.

ಎರಡು ಗ್ಲಾಸಲ್ಲಿ ಜೆಲ್ ಹಾಕಿ ನೋಡ್ದೆ. ಅಂಗಡಿಯವ್ರು ಸ್ಯಾಂಪಲ್ ಕೊಟ್ಟಿದ್ರು. ಫಿಲ್ಟರ್ ನೀರಲ್ಲಿ ಗ್ಲಾಸ್ ತುಂಬಾ ಬಂತು, ಬೋರ್ ನೀರಲ್ಲಿ ಅರ್ಧದಷ್ಟೂ ಇಲ್ಲ. ಬೋರ್ ಅಳೆದ್ರೆ ತಾಸಿಗೆ ಐದು ಸಾವಿರ ಲೀಟರ್ ಹತ್ರ ಬರ್ತೈತೆ. ಈಗ ಹೇಳಿ ಅಣ್ಣ, ಕಪ್ಪು ಮಣ್ಣನ್ನ ಜೇಸಿಬಿಲಿ ಮೇಲೆ ತಂದು ಮರಳನ್ನ ಕೆಳಗೆ ಹಾಕಿಸ್ಲಾ? ಮತ್ತೆ ಆರೆಸ್ಸಿ 4.2 ಅಂದ್ರೆ ಏನು?

ಮಣ್ಣುವಾಸನೆ, ರಾಯದುರ್ಗ

ನಿಮ್ಮಪ್ಪನ್ನ ಒಂದು ಸಲ ಭೇಟಿ ಆಗ್ಬೇಕು ಅನ್ನಿಸ್ತು ಇದನ್ನ ಓದಿ.

ಜೇಸಿಬಿ ಬೇಡ. ಮೂಡಲ ಕಡೆ ಒಂದೂಮುಕ್ಕಾಲು ಅಡಿ ಮರಳು ಮೇಲೆ, ಕಪ್ಪು ಮಣ್ಣು ಕೆಳಗೆ, ಇದಕ್ಕಿಂತ ಒಳ್ಳೇದು ದುಡ್ಡು ಕೊಟ್ರೂ ಸಿಗಲ್ಲ. ಮೇಲಿನ ಮರಳು ಹೊದಿಕೆ ಇದ್ದಂಗೆ, ಕೆಳಗಿನ ತೇವ ಆವಿ ಆಗಕ್ಕೆ ಬಿಡಲ್ಲ. ಚೀನಾದಲ್ಲಿ ಲಾಂಜೌ ಕಡೆ ಒಣ ನಾಡಲ್ಲಿ ರೈತರು ಬೇಕಂತಾನೇ ಹೊಲದ ಮೇಲೆ ಮರಳು ಕಲ್ಲು ಹಾಸಿ ಕಲ್ಲಂಗಡಿ ಬೆಳೀತಾರೆ, ಅದು ನಿಂಗೆ ಗಾಳಿ ಬಿಟ್ಟಿ ಹಾಸಿ ಕೊಟ್ಟೈತೆ. ಅಲ್ಲಿ ಬೇರು ಆಳಕ್ಕೆ ಹೋಗೋ ಗಿಡ ಹಾಕು, ಚೀನಿ (ಮೂಸಂಬಿ), ಸೀತಾಫಲ, ನೇರಳೆ, ನಡುವೆ ತೊಗರಿ. ಗಿಡದ ಗುಂಡಿ ಎರಡೂವರೆ ಅಡಿ ತೋಡಿ, ಕೆಳಗಿಂದ ಬಂದ ಕಪ್ಪು ಮಣ್ಣು ತಿಪ್ಪೆ ಗೊಬ್ಬರ ಕಲಸಿ ಅದನ್ನೇ ತುಂಬು. ಜತ್ತದ ಅಣ್ಣ ಹೇಳಿದ ಪಿವಿಸಿ ಪೈಪ್ ಆ ಕಡೆ ಹಾಕ್ಲೇಬೇಕು, ಜವಳು ಆಗೋದಿದ್ರೆ ಅಲ್ಲೇ ಆಗೋದು. ಚೀನಿಗೆ ಬೇರಲ್ಲಿ ನೀರು ನಿಂತ್ರೆ ಆಗಲ್ಲ.

ಹೊಳೆ ಕಡೆ ಬರೀ ಮರಳಿರೋ ಜಾಗದಲ್ಲಿ ಒಂದೇ ಎಕ್ರೆ ಶುರು ಮಾಡು. ಅಲ್ಲಿಗೆ ಕೆರೆ ಗೋಡು, ನಿಮ್ಮಪ್ಪ ಹೇಳಿದ್ದು ಸರಿ. ಲೆಕ್ಕ ಕೇಳು. ಎಕ್ರೆ ಪೂರ್ತಿ ಒಂದು ಇಂಚು ದಪ್ಪ ಹಾಸಿದ್ರೆ 100 ಘನ ಮೀಟರ್ ಬೇಕು, ಟ್ರಾಕ್ಟರ್ ಟ್ರಾಲಿಗೆ ಮೂರು ಘನ ಮೀಟರ್ ಅಂದ್ರೆ ಮೂವತ್ಮೂರು ಟ್ರಿಪ್. ಆರು ಅಡಿಗೆ ಒಂದು ಸಾಲು, ಸಾಲಲ್ಲಿ ಎರಡು ಅಡಿ ಪಟ್ಟಿಗೆ ಮಾತ್ರ ಹಾಕಿದ್ರೆ ಮೂರರಲ್ಲಿ ಒಂದು ಪಾಲು, ಹನ್ನೊಂದು ಟ್ರಿಪ್ಪಿಗೆ ಮುಗೀತು. ಆ ಒಂದು ಇಂಚು ಗೋಡನ್ನ ಐದು ಇಂಚು ಮರಳಿಗೆ ಕಲಸಿದ್ರೆ, ಗೋಡಲ್ಲಿ 35 ಪರ್ಸೆಂಟ್ ಜೇಡಿ ಇದ್ರೆ, ನಿನ್ನ ಮರಳಲ್ಲಿ 5 ಪರ್ಸೆಂಟ್ ಇದ್ದ ಜೇಡಿ 10 ಆಗ್ತೈತೆ. ಕೇಳೋಕೆ ಸಣ್ಣದು, ಆದ್ರೆ ಮರಳಿಗೆ ಆ ಐದು ಪರ್ಸೆಂಟೇ ಜೀವ, ಗೊಬ್ಬರದ ಕಣ ಹಿಡ್ಕೊಳ್ಳೋಕೆ ಅದಕ್ಕೊಂದು ಕೈ ಬಂದಂಗೆ. ಮೇಲೆ ಹಾಸಿ ಬಿಡಬೇಡ, ಒಣಗಿ ಹೆಂಟೆ ಆಗ್ತೈತೆ, ಪುಡಿ ಮಾಡಿ ರೋಟಾವೇಟರ್ ಹೊಡೆಸು. ಮತ್ತೆ ಯಾವ ಕೆರೇದು ಅಂತ ನೋಡ್ಕೊಂಡು ತಗೋ, ಭತ್ತದ ಗದ್ದೆ ಬಸಿ ನೀರು ಬಂದು ನಿಲ್ಲೋ ಕೆರೆ ಗೋಡಲ್ಲಿ ಉಪ್ಪು ಇರ್ತೈತೆ, ಹೊಡೆಸೋ ಮುಂಚೆ ಒಂದು ಕಿಲೋ ಕೆವಿಕೆಗೆ ಕೊಟ್ಟು ಪಿಎಚ್ ಇಸಿ ನೋಡ್ಸು.

ಗೊಬ್ಬರದ ಮಾತು. ತಿಪ್ಪೆ ಗೊಬ್ಬರ ಮರಳಲ್ಲಿ ನಮ್ಮ ಬಿಸಿಲಿಗೆ ಬೇಗ ಕರಗಿ ಹೋಗ್ತೈತೆ, ಒಂದು ಸಲ ಜಾಸ್ತಿ ಹಾಕಿ ಸುಮ್ನಾಗೋದಲ್ಲ, ವರ್ಷ ವರ್ಷ ಸ್ವಲ್ಪ ಹಾಕ್ಬೇಕು. ಇದ್ದಿಲು ಮಾತ್ರ ಉಳೀತೈತೆ. ಬಳ್ಳಾರಿ ಜಾಲಿ ನಿಮ್ಮೂರಲ್ಲಿ ಬೇಕಾದಷ್ಟು ಇರ್ಬೇಕು, ಗುಂಡೀಲಿ ಸುಟ್ಟು ಬೂದಿ ಆಗೋದ್ರೊಳಗೆ ನೀರು ಹಾಕಿ ಆರಿಸಿ ಪುಡಿ ಮಾಡಿ, ಗೊಬ್ಬರದ ತಿಪ್ಪೇಲಿ ಒಂದು ತಿಂಗಳು ಕಲಸಿಟ್ಟು ಆಮೇಲೆ ಸಾಲಿಗೆ ಹಾಕು. ನಿನ್ನ ನೀರಿನ ಪಿಎಚ್ ಮೊದಲೇ 8.3 ಐತೆ, ಇದ್ದಿಲು ಇನ್ನೂ ಏರಿಸ್ತೈತೆ, ಅದಕ್ಕೆ ಗೊಬ್ಬರದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ.

ಆರೆಸ್ಸಿ ಅಂದ್ರೆ ನೀರಲ್ಲಿರೋ ಸೋಡಾ ಅಂಶ, ಸುಣ್ಣದ ಅಂಶಕ್ಕಿಂತ ಎಷ್ಟು ಜಾಸ್ತಿ ಐತೆ ಅಂತ. 2.5 ದಾಟಿದ್ರೆ ಆ ನೀರು ಮಣ್ಣಿಗೆ ಒಳ್ಳೇದಲ್ಲ. ಬರೀ ಮರಳಿಗೆ ಅಷ್ಟು ತೊಂದ್ರೆ ಕೊಡಲ್ಲ, ಆದ್ರೆ ನೀನು ಗೋಡು ಹಾಕಿದ ಮೇಲೆ ಆ ಜೇಡಿಗೆ ಸೋಡಿಯಂ ಹತ್ತಿ ಮಣ್ಣು ಗಟ್ಟಿ ಆಗ್ತೈತೆ. ಅದಕ್ಕೆ ಜಿಪ್ಸಂ. ಒಂದು ಆರೆಸ್ಸಿ ಇಳಿಸೋಕೆ ಸಾವಿರ ಲೀಟರಿಗೆ 86 ಗ್ರಾಂ ಶುದ್ಧ ಜಿಪ್ಸಂ ಬೇಕು. ನಿಂಗೆ 4.2ರಿಂದ 2.5ಕ್ಕೆ ತರೋಕೆ 1.7, ಅಂದ್ರೆ 146 ಗ್ರಾಂ. 16 ಲಕ್ಷ ಲೀಟರಿಗೆ 234 ಕಿಲೋ ಹತ್ರ, ಅಂಗಡಿ ಜಿಪ್ಸಂ ಶುದ್ಧ ಇರಲ್ಲ ಅಂತ ಮೂರು ಕ್ವಿಂಟಾಲ್ ಇಟ್ಕೋ. ಡ್ರಿಪ್ಪಲ್ಲಿ ಕಲಸಿ ಬಿಡಬೇಡ, ನಿನ್ನ ನೀರಲ್ಲಿ ಡ್ರಿಪ್ಪರ್ ಒಳಗೆ ಸುಣ್ಣ ಕಟ್ಕೊಂಡು ಮುಚ್ಚಿಹೋಗ್ತೈತೆ. ಸಾಲಿಗೆ ಪುಡೀನೇ ಉದುರಿಸಿ ಕಲಸು. ಶೇಂಗಾಕ್ಕೆ ಹೂ ಬಿಡೋ ಹೊತ್ತಿಗೆ ಎಕ್ರೆಗೆ ಎರಡು ಕ್ವಿಂಟಾಲ್ ಜಿಪ್ಸಂ ಹೆಂಗೂ ಹಾಕ್ಬೇಕು ಕಾಯಿ ಗಟ್ಟಿ ಆಗೋಕೆ, ಅದೂ ಇದ್ರಲ್ಲೇ ಸೇರ್ತು. ಎಲೆ ನಡುವೆ ಹಳದಿ ನರ ಮಾತ್ರ ಹಸಿರು ಇದ್ರೆ ಕಬ್ಬಿಣದ ಕೊರತೆ, ಯೂರಿಯಾ ಹಾಕಿ ಉಪಯೋಗ ಇಲ್ಲ, ಫೋಟೋ ಹಾಕು ನೋಡ್ತೀನಿ.

ಡ್ರಿಪ್ಪಿಗೆ ಎಪಿಎಂಐಪಿಲಿ (ಆಂಧ್ರ ಸರ್ಕಾರದ ಡ್ರಿಪ್ ಸಬ್ಸಿಡಿ ಯೋಜನೆ) ಅರ್ಜಿ ಹಾಕು. ರೈತು ಸೇವಾ ಕೇಂದ್ರದಲ್ಲಿ (ಮುಂಚೆ ರೈತು ಭರೋಸಾ ಕೇಂದ್ರ ಅಂತಿದ್ರು) ಕೇಳಿದ್ರೆ ಹೇಳ್ತಾರೆ.

ಮಡಕಶಿರಾ ಮನೆ

ಎಲ್ಲಾ ಹೇಳಿದ್ರಿ, ಗಾಳಿ ಮಾತು ಯಾರೂ ಎತ್ತಲಿಲ್ಲ. ಹೊಲ ಮರಳಾಗಿದ್ದೇ ಗಾಳಿಯಿಂದ. ಗಾಳಿ ನಿಲ್ಲಿಸ್ದೆ ಗೋಡು ಹಾಕಿದ್ರೆ ಮುಂದಿನ ಆಷಾಢಕ್ಕೆ ಗೋಡಿನ ಮೇಲೆ ಮತ್ತೆ ಅರ್ಧ ಅಡಿ ಮರಳು ಕೂರುತ್ತೆ, ಡ್ರಿಪ್ ಪೈಪೂ ಹೂತೋಗುತ್ತೆ.

ಪಡುವಲ ಬದುವಿಗೆ, ಗಾಳಿಗೆ ಅಡ್ಡ, ಮೂರು ಸಾಲು ಮರ ಹಾಕಿ. ಹೊರಗಿನ ಸಾಲು ಕತ್ತಾಳೆ, ನಡುವೆ ಹೊಂಗೆ, ಒಳಗೆ ಸರ್ವೆ ಇಲ್ಲಾ ಗ್ಲಿರಿಸಿಡಿಯಾ. ಗ್ಲಿರಿಸಿಡಿಯಾ ಸೊಪ್ಪು ಸಾಲಿಗೂ ಗೊಬ್ಬರ ಆಗುತ್ತೆ. ಮರದ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿ ಚೆನ್ನಾಗಿ ತಗ್ಗುತ್ತೆ. ಗೋಡೆ ತರ ಪೂರ್ತಿ ಮುಚ್ಚಿದ ಬೇಲಿ ಬೇಡ, ಗಾಳಿ ಮೇಲೆ ಹತ್ತಿ ಆ ಕಡೆ ಸುಳಿ ಹೊಡೆಯುತ್ತೆ, ಅರ್ಧ ಗಾಳಿ ತೂರಿ ಹೋಗೋ ಹಂಗಿದ್ರೇ ಒಳ್ಳೇದು. ಮರ ಬೆಳೆಯೋಕೆ ಮೂರ್ನಾಲ್ಕು ವರ್ಷ ಬೇಕಲ್ಲ, ಅಲ್ಲಿವರೆಗೆ ಚೀನಾದವ್ರು ಶಾಪೊತೋವಲ್ಲಿ ರೈಲು ಹಳಿ ಉಳಿಸೋಕೆ ಮಾಡಿದಂಗೆ ಮಾಡಿ. ಒಣ ಹುಲ್ಲನ್ನ ಒಂದು ಮೀಟರಿಗೆ ಒಂದು ಮೀಟರ್ ಚೌಕ ಚೌಕವಾಗಿ ಮರಳಲ್ಲಿ ಅರ್ಧ ಹುಗಿದು ಅರ್ಧ ಮೇಲೆ ನಿಲ್ಲಿಸೋದು. 1950ರ ದಶಕದ ಕೆಲಸ ಅದು, ಇವತ್ತಿಗೂ ನಡೀತಿದೆ. ನಿಮಗೆ ಪಕ್ಕದಲ್ಲೇ ಭತ್ತದ ಹುಲ್ಲಿದೆ. ಪೂರ್ತಿ ಹೊಲಕ್ಕೆ ಬೇಡ, ಪಡುವಲ ಅಂಚಲ್ಲಿ ಇಪ್ಪತ್ತು ಮೀಟರ್ ಅಗಲದ ಪಟ್ಟಿ ಸಾಕು.

ಮತ್ತೆ ಹೊಲ ಮೇ ತಿಂಗಳಲ್ಲಿ ಬೋಳಾಗಿ ಬಿಡಬೇಡಿ. ನಮ್ಮ ಜಿಲ್ಲೇಲಿ ಮುಂಗಾರಿಗೆ ಮುಂಚೇನೇ ನವಧಾನ್ಯ ಒಣ ಬಿತ್ತನೆ ಮಾಡ್ತಾರಲ್ಲ, ಹುರುಳಿ, ಸಜ್ಜೆ, ಅಲಸಂದೆ, ಸೆಣಬು, ಹರಳು ಎಲ್ಲಾ ಕಲಸಿ, ಅದನ್ನ ಸಾಲಿನ ನಡುವೆ ಎರಚಿ. ಬೇರು ಮರಳನ್ನ ಹಿಡ್ಕೊಳ್ಳುತ್ತೆ. ಊರ ಕುರಿ ಒಳಗೆ ಬರದಂಗೆ ನೋಡ್ಕೊಳ್ಳಿ, ನಮ್ಮದು ಎರಡು ವರ್ಷದ ಹೊಂಗೆ ಸಸಿ ಒಂದೇ ಮಧ್ಯಾಹ್ನಕ್ಕೆ ಹೋಯ್ತು.

ಕುಂಬಳೆಯವ

ಇದು ಸರಿಯಾದ ಮಾತು. ಅಲ್ ಐನ್‌ನಲ್ಲಿಯೂ ಮೊದ್ಲು ಬೇಲಿಗೆ ಖರ್ಜೂರದ ಗರಿ ನಿಲ್ಲಿಸಿ ಮತ್ತೆಯೇ ನೆಡುವ ಕೆಲ್ಸ. ನಾನು ಅದನ್ನು ಬರೆಯಲಿಕ್ಕೆ ಮರ್ತೆ.

ಹಗರಿದಂಡೆ, ಬೊಮ್ಮನಹಾಳ್

ಐದು ತಿಂಗಳಾದ ಮೇಲೆ ಬರೀತಿದೀನಿ, ತಡ ಆಗಿದ್ದಕ್ಕೆ ಯಾರೂ ಬೇಜಾರು ಮಾಡ್ಕೋಬೇಡಿ.

ಜೆಲ್ ತಗೊಳ್ಳಿಲ್ಲ. ಪಡುವಲ ಕಡೆ ಭತ್ತದ ಹುಲ್ಲಿನ ಚೌಕ ನಾನು ಅಪ್ಪ ಚಿಕ್ಕಪ್ಪನ ಮಕ್ಳು ಸೇರಿ ಹನ್ನೆರಡು ದಿನ ಹಾಕಿದ್ವಿ, ಬೆನ್ನು ಹೋಯ್ತು. ಆದ್ರೆ ಆಷಾಢದಲ್ಲಿ ಬಂದು ನೋಡ್ದೆ ಅಣ್ಣ, ಚೌಕದೊಳಗೆ ಮರಳು ತುಂಬ್ಕೊಂಡು ಅಲ್ಲೇ ನಿಂತಿತ್ತು, ಹೊಲಕ್ಕೆ ಬಂದಿದ್ದು ಬೆರಳು ದಪ್ಪ ಅಷ್ಟೇ. ಮೊದಲ್ನೇ ಕೆರೆ ಗೋಡು ಟೆಸ್ಟಲ್ಲಿ ಇಸಿ ಜಾಸ್ತಿ ಬಂತು, ಬಿಟ್ವಿ, ಎರಡನೇ ಕೆರೇದು ಸರಿ ಹೋಯ್ತು, ಹನ್ನೆರಡು ಟ್ರಿಪ್ ಆಯ್ತು. ಸಬ್ಸಿಡಿ ಡ್ರಿಪ್ ಬರೋದು ತಡ ಆಗ್ತೈತೆ ಅಂತ ಮುಕ್ಕಾಲು ಎಕ್ರೆಗೆ ಕೈಯಿಂದ ದುಡ್ಡು ಹಾಕಿ 30 ಸೆಂ.ಮೀ ಪೈಪ್ ತಂದೆ. ದಿನಕ್ಕೆ ಮೂರು ಸಲ ಅರ್ಧರ್ಧ ತಾಸು. ಅಪ್ಪಂಗೆ ಮೊದಮೊದಲು ನಂಬಿಕೆ ಇರ್ಲಿಲ್ಲ, ಇಷ್ಟು ನೀರಿಗೆ ಏನಾಗ್ತೈತೆ ಅಂತಿದ್ರು, ಈಗ ಮೂರು ಗಂಟೆ ಆದ್ರೆ ಅವ್ರೇ ಹೋಗಿ ವಾಲ್ವ್ ತಿರುಗಿಸ್ತಾರೆ.

ಶೇಂಗಾ ಕಿತ್ತು ನಾಲ್ಕು ದಿನ ಆಯ್ತು. ಗೋಡು ಹಾಕಿದ ಸಾಲಲ್ಲಿ ಗಿಡಕ್ಕೆ ಹದಿನೈದು ಹದಿನಾರು ಕಾಯಿ, ಗೋಡು ಸಾಲದೆ ಹಂಗೇ ಬಿಟ್ಟ ಎರಡು ಸಾಲಲ್ಲಿ ಡ್ರಿಪ್ ಅದೇ ನೀರು ಅದೇ ಕೊಟ್ರೂ ಆರೇಳು ಕಾಯಿ. ಮಡಕಶಿರಾ ಅಣ್ಣ ಹೇಳಿದ ಹೊಂಗೆ ಸಸಿ ನೂರಿಪ್ಪತ್ತರಲ್ಲಿ ಎಂಬತ್ತು ಉಳಿದಾವೆ. ಮೂಡಲ ಕಡೆ ಪಿವಿಸಿ ಪೈಪಲ್ಲಿ ಕಡ್ಡಿ ಇಳಿಸಿ ನೋಡಿದ್ರೆ ಸೆಪ್ಟೆಂಬರ್ ಮಳೇಲಿ ನಾಲ್ಕಡಿ ಕೆಳಗೆ ನೀರು ಕಾಣ್ತು, ಮೂರು ವಾರಕ್ಕೆ ಮತ್ತೆ ಇಳೀತು. ಜತ್ತದ ಅಣ್ಣ, ಇದು ಪರವಾಗಿಲ್ವಾ, ಇಲ್ಲ ಚೀನಿ ಹಾಕೋ ಮುಂಚೆ ಬಸಿಗಾಲುವೆ ತೆಗೀಬೇಕಾ? ಸಸಿಗೆ ಇನ್ನೂ ದುಡ್ಡು ಕೊಟ್ಟಿಲ್ಲ, ನೀವು ಹೇಳಿದ ಮೇಲೆ ಕೊಡ್ತೀನಿ.

ಜತ್ತದ ಹೊಲ

ತಮ್ಮಾ, ಓದಿ ಭಾಳ ಖುಷಿ ಆತು. ನಾಲ್ಕ ಫೂಟಿಗೆ ಬಂದು ಮೂರ ವಾರಕ್ಕ ಇಳದೈತಿ ಅಂದ್ರ ಸದ್ಯಕ್ಕ ಅಂಜೂ ಕಾರಣ ಇಲ್ಲ, ಆದ್ರ ಈ ವರ್ಷ ನೀ ಆ ಕಡೆ ನೀರ ಬಿಟ್ಟಿಲ್ಲ, ಬರೇ ಮಳಿ ನೀರು ಅದು. ಡ್ರಿಪ್ ಚಾಲೂ ಆದಮ್ಯಾಲ ಲೆಕ್ಕಾ ಬ್ಯಾರೆ ಆಗ್ತೈತಿ. ಇಳಕಲ ಕಡೆ ಒಂದ ಬಸಿಗಾಲುವಿ ಮೂರ ಫೂಟ್ ತಗದ ಇಡು, ಹೊಳಿ ಕಡೆ ಬ್ಯಾಡ, ತಗ್ಗ ಯಾವ ಕಡೆ ಐತಿ ನೋಡ್ಕೊಂಡು ತಗೀ. ಚೀನಿ ಈ ವರ್ಷ ಹತ್ತ ಗಿಡ ಹಚ್ಚು, ಎಲ್ಲಾ ಒಮ್ಮೆ ಹಚ್ಚಬ್ಯಾಡ. ಮುಂದಿನ ಮಳಿಗಾಲ ಮುಗಿದ ಮ್ಯಾಲ ಪೈಪಿನ ಕಡ್ಡಿ ಎಷ್ಟ ಹಸಿ ತೋರಸ್ತು ಅಂತ ಇಲ್ಲೇ ಬರಿ, ನಾನೂ ನೋಡ್ಕೋತ ಇರ್ತೀನಿ.